ದೋಣಿಗೆ ಹೊದಿಸಿದ ಕಂಬಳಿ

ನಮ್ಮದು ಎರಡು ಹೊಟ್ಟೆಯ ಫೈಬರ್ ದೋಣಿ. ಎರಡು ಸಪೂರ ದೋಣಿಗಳನ್ನು ಪಕ್ಕಪಕ್ಕ ಇಟ್ಟು ಮೇಲೆ ಅಡ್ಡ ಹಲಗೆ ಬಡಿದಂತಿತ್ತು. ಕಡಲದಂಡೆಯ ಮಾಲವಣದವರು ಹಳೆಯದಾಯಿತೆಂದು ಬಿಟ್ಟಿದ್ದನ್ನು ನಮ್ಮ ಮನೆಯವರು ಟ್ರಕ್ಕಿನಲ್ಲಿ ಹೇರಿಕೊಂಡು ತಂದಿದ್ದರು. ಕುರಿ ಕಾಯುವ ಮನೆತನದವನಿಗೆ ದೋಣಿಯ ಹುಚ್ಚು ಎಂದು ಹುಕ್ಕೇರಿ ಸಂತೆಯ ತನಕ ಜನ ನಕ್ಕರು. ನಗುವವರ ಮುಂದೆ ಇವರೇನೂ ಎಡವಿ ಬೀಳಲಿಲ್ಲ. ಹಿಡಕಲ್ ಹಿನ್ನೀರಿನಲ್ಲಿ ಹನ್ನೆರಡು ವರ್ಷ ಜನರನ್ನೂ ಮೇವನ್ನೂ ಕುರಿಗಳನ್ನೂ ದಾಟಿಸಿದರು.

ಅವರು ತೀರಿಕೊಂಡ ಮೇಲೆ ದೋಣಿ ನಮ್ಮ ಮನೆಯ ಮುಂದಿನ ದಂಡೆಯಲ್ಲೇ ಉಳಿಯಿತು. ಮಳೆಗಾಲ ಬಂದಾಗ, ಅವರು ಕೂಡುತ್ತಿದ್ದ ಎಡಗಡೆಯ ಹೊಟ್ಟೆಗೆ ಅವರದೇ ಕರಿ ಕಂಬಳಿ ಹೊದಿಸಿದೆ. ಎರಡು ಮಳೆಗಾಲ ಹೀಗೇ ಆಯಿತು. ನಮ್ಮಲ್ಲಿ ಮಳೆಗೆ ಕಂಬಳಿಯಲ್ಲದೆ ಇನ್ನೇನು ಹೊದಿಸುತ್ತಾರೆ?

ಈ ಬೇಸಿಗೆಯಲ್ಲಿ ದೋಣಿಯನ್ನು ಮತ್ತೆ ನೀರಿಗಿಳಿಸುವ ಆಸೆಯಾಯಿತು. ಆ ಎರಡು ಹೊಟ್ಟೆಗಳ ನಡುವೆ ನೀರು ಗುಳುಗುಳು ಅನ್ನುವುದನ್ನು ಇನ್ನೊಮ್ಮೆ ಕೇಳದಿದ್ದರೆ ಜೀವ ನಿಲ್ಲದು ಅನಿಸಿತ್ತು. ಗೋಕಾಕ ಫಾಲ್ಸಿನಲ್ಲಿ ಫೈಬರಿನ ನೀರಿನ ಟಾಕಿ ರಿಪೇರಿ ಮಾಡುವ ಮೈದುನನನ್ನು ಕರೆಸಿದೆ. ಅವನು ಸುತ್ತಿಗೆಯ ಹಿಡಿಕೆಯಿಂದ ಗೇಣುಗೇಣಿಗೂ ಬಡಿದು ಕಿವಿಗೊಡುತ್ತ ಹೋದ. ಬಲಹೊಟ್ಟೆ ಟಣ್ ಅಂದಿತು. ಎಡದ್ದು ಡಬ್ ಡಬ್. ಬಣ್ಣದ ಕೆಳಗೆ ಸಿಡುಬೆದ್ದಂತೆ ಗುಳ್ಳೆಗಳು. ಒಂದನ್ನು ಕೆರೆದ, ಹುಳಿನಾತದ ನೀರು ಒಸರಿತು.

“ವೈನಿ, ಇದರ ಮ್ಯಾಲ ಏನ್ ಹಾಕಿದ್ರಿ?”

“ನಿಮ್ಮಣ್ಣನ ಕಂಬಳಿ.”

ಅವನು ಒಸರಿದ ನೀರನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿದ. “ಕಂಬಳಿ ನಾಕ್ ತಿಂಗಳ ನೀರ ಹಿಡ್ಕೊಂಡ ಕುಂತೈತ್ರಿ. ಹಸಿ ಒಳಗ ಇಳದೈತಿ. ಪೂರ್ತಿ ಒಣಗಿದ್ರ ಹೊಸಾ ಪದರ ಹಾಕಬಹುದು. ಮತ್ತ ತೊಯ್ತಂದ್ರ ಗುಜರಿಗೇ.”

ಗುಳ್ಳೆಗಳನ್ನೆಲ್ಲ ಕೆರೆದು, ತೊಳೆದು, ದೋಣಿಗೆ ತಾಗದಂತೆ ಮೇಲೆ ಚಪ್ಪರದ ಹಾಗೆ ತಾಡಪತ್ರಿ ಕಟ್ಟಿ ಹೋದ. ನನಗೆ ನನ್ನ ಮೇಲೇ ಸಿಟ್ಟು ಬಂತು. ಪ್ರೀತಿ ಮಾಡುವುದರಲ್ಲೂ ನಾನು ಅಡ್ಡಕಸುಬಿ!

ವಾರ ಕಳೆದಿರಲಿಲ್ಲ, ಒಂದು ಮಧ್ಯಾಹ್ನ ಗಾಳಿ ಎದ್ದು ಆಲಿಕಲ್ಲಿನ ಮಳೆ ಬಂತು. ತಾಡಪತ್ರಿಯ ಒಂದು ಮೂಲೆ ಕಿತ್ತು ಪಟಪಟ ಹಾರತೊಡಗಿತು. ಓಡಿದೆ. ರೂಢಿಯಂತೆ ಕೈ ಕಟ್ಟೆಯ ಮೇಲಿನ ಕಂಬಳಿಯನ್ನೇ ಎತ್ತಿಕೊಂಡಿತ್ತು. ದೋಣಿಯ ಮೇಲೆ ಹಾಕಲು ಹೋದವಳು ಕೈ ತಡೆದೆ. ಅದನ್ನು ಕೊಪ್ಪೆ ಮಾಡಿ ನನ್ನ ತಲೆಗೇ ಹಾಕಿಕೊಂಡು, ಬಿಚ್ಚಿದ ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗಿ ಹಿಡಿದು ನಿಂತೆ. ಅವರು ಹೋದ ಮೇಲೆ ಆ ಕಂಬಳಿ ನನ್ನ ಮೈಗೆ ತಾಗಿದ್ದು ಅದೇ ಮೊದಲು. ಒಳಗೆ ಬೆಚ್ಚಗಿತ್ತು. “ಎಲ್ಲಿ ಅದೀರಿ ನೀವು?” ಎಂದು ಜೋರಾಗಿ ಅತ್ತೆ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಮಳೆ ನಿಂತಿತು. ಎಡಹೊಟ್ಟೆಯನ್ನು ಅಂಗೈಯಿಂದ ಸವರಿದೆ. ಒಂದು ಹನಿಯೂ ತಾಗಿರಲಿಲ್ಲ. ಬಿಸಿಲು ಬಿದ್ದು ಮೈ ಬೆವರಿದರೂ ಕಂಬಳಿ ತೆಗೆಯಲು ಮನಸ್ಸಾಗದೆ, ಹೊದ್ದುಕೊಂಡೇ ಕುಳಿತಿದ್ದೆ.