ಬುಧವಾರದ ಸರದಿ

ನಾನು ಗೌರಿಬಿದನೂರಿನಿಂದ ಚಿಂತಾಮಣಿಗೆ ಸೊಸೆಯಾಗಿ ಬಂದಾಗ ಊರಿನಲ್ಲಿ ಕ್ರೈಸ್ತರ ಮನೆಗಳು ಹತ್ತು ಹನ್ನೆರಡು ಇದ್ದಿರಬಹುದು. ಎಲ್ಲ ಒಂದೇ ಬೀದಿಯಲ್ಲೇನೂ ಇರಲಿಲ್ಲ. ಒಂದು ಸಂತೆಮಾಳದ ಹತ್ತಿರ, ಒಂದು ಬಸ್ ನಿಲ್ಲುವ ಜಾಗದ ಹಿಂದೆ, ಇನ್ನೊಂದು ಊರಾಚೆಯ ತೋಟದ ಪಕ್ಕ. ಎಲ್ಲರನ್ನೂ ಒಂದು ಕಡೆ ಕೂಡಿಸುತ್ತಿದ್ದದ್ದು ಬುಧವಾರ ಸಂಜೆಯ ಪ್ರಾರ್ಥನೆ. ವಾರಕ್ಕೊಂದು ಮನೆಯ ಸರದಿ. ಚಾಪೆ ಸಾಲದಿದ್ದರೆ ಪಕ್ಕದವರಿಂದ ತರುವುದು, ಕೀರ್ತನೆ ಹಾಡುವುದು, ಸತ್ಯವೇದ ಓದುವುದು, ಆಮೇಲೆ ಕಾಫಿ ಕುಡಿಯುತ್ತ ಯಾರ ಮಗಳಿಗೆ ಗಂಡು ಬಂದಿದೆ, ಯಾರ ಎಮ್ಮೆ ಕರು ಹಾಕಿದೆ ಎಂದು ತಿಳಿದುಕೊಂಡು ಮನೆಗೆ ಹೊರಡುವುದು.

ಪ್ರಾರ್ಥನೆ ನಡೆಸುತ್ತಿದ್ದವರು ಸಭೆಯ ಹಿರಿಯರಾಗಿದ್ದ ಒಬ್ಬ ನಿವೃತ್ತ ಮೇಷ್ಟ್ರು. ಅವರ ಪ್ರಾರ್ಥನೆ ದೆಹಲಿಯ ಸರ್ಕಾರದಿಂದ ಶುರುವಾಗಿ, ಮಳೆ ಬೆಳೆಗಳನ್ನು ವಿಚಾರಿಸಿಕೊಂಡು, ಊರಿನ ಕಾಯಿಲೆಯವರ ಬಳಿಗೆ ಬರುವಷ್ಟರಲ್ಲಿ ಮಕ್ಕಳೆಲ್ಲ ನಿದ್ದೆಹೋಗಿರುತ್ತಿದ್ದರು. ಯಾರಿಗೂ ಬೇಸರವಿರಲಿಲ್ಲ. ಮನೆಗೆ ಬೇಗ ಹೋಗಿ ಮಾಡುವುದಾದರೂ ಏನಿತ್ತು?

ಮದುವೆಯಾದ ಮರುವರ್ಷ ನಮ್ಮಣ್ಣ ನಮಗೊಂದು ರೇಡಿಯೋ ತಂದುಕೊಟ್ಟ. ಗುಂಡಿ ತಿರುಗಿಸಿದರೆ ಒಳಗೆ ದೀಪ ಹತ್ತಿ, ಅದು ನಿಧಾನವಾಗಿ ಬಿಸಿಯಾಗಿ, ಆಮೇಲೆ ಮಾತಾಡುತ್ತಿತ್ತು. ನಮ್ಮ ಸರದಿಯ ಬುಧವಾರ ಪ್ರಾರ್ಥನೆಗೆ ಬಂದವರು ಆಮೆನ್ ಆದ ಮೇಲೂ ಏಳಲಿಲ್ಲ. ವಾರ್ತೆ ಕೇಳಿದರು, ಚಿತ್ರಗೀತೆ ಕೇಳಿದರು. ಮುಂದಿನ ವಾರದ ಸರದಿ, ಬಟ್ಟೆ ಹೊಲಿದು ಬದುಕುತ್ತಿದ್ದ ಒಬ್ಬ ವಿಧವೆಯದು. ಎಲ್ಲರೂ ಅವರನ್ನು ಟೈಲರಮ್ಮ ಎನ್ನುತ್ತಿದ್ದರು.

"ಅವರ ಮನೆ ಚಿಕ್ಕದು, ಪಾಪ. ಮುಂದಿನ ವಾರಾನೂ ಇಲ್ಲೇ ಇಟ್ಕೊಂಡ್ರೆ ಹೆಂಗೆ?" ಎಂದರು ಯಾರೋ. ರೇಡಿಯೋದ ಮಾತು ಯಾರೂ ಎತ್ತಲಿಲ್ಲ. ಎಲ್ಲರೂ ಒಪ್ಪಿದರು. ನನಗಂತೂ ಹಿಗ್ಗೋ ಹಿಗ್ಗು.

ಹೀಗೆ ಪ್ರತಿ ಬುಧವಾರವೂ ನಮ್ಮ ಮನೆಯಲ್ಲೇ ಆಯಿತು. ಜನ ಹೆಚ್ಚಾದರು, ಪ್ರಾರ್ಥನೆ ಮೊಟಕಾಯಿತು. ವಾರ್ತೆಯ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಆಮೆನ್ ಹೇಳಿಬಿಡುತ್ತಿದ್ದರು.

"ಮೇಷ್ಟ್ರು ಈಗ ದೆಹಲಿಗೆ ಹೋಗೋದೇ ಇಲ್ಲ, ಸೀದಾ ಕಾಯಿಲೆಯೋರ ಹತ್ರ ಬಂದ್ಬಿಡ್ತಾರೆ. ಮಳೆ ಬೆಳೆ ರೇಡಿಯೋದೋರು ನೋಡ್ಕೊತಾರೆ," ಎಂದರು ನಮ್ಮತ್ತೆ.

ಟೈಲರಮ್ಮ ಬರುವುದು ನಿಂತುಹೋಗಿದ್ದನ್ನು ಗಮನಿಸಿದವರೂ ಅತ್ತೆಯೇ. ಒಂದು ದಿನ ಬೆಳಗ್ಗೆ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು. ಟೈಲರಮ್ಮ ಮಿಷನ್ ನಿಲ್ಲಿಸಿ ಮಣೆ ಹಾಕಿದರು.

"ಮೈಗೆ ಹುಷಾರಿಲ್ವೇನಮ್ಮ?" ಎಂದರು ಅತ್ತೆ.

"ಹುಷಾರಾಗೇ ಇದೀನಕ್ಕ. ಒಂಟಿ ಹೆಂಗಸು ನಾನು. ನನ್ನ ಸರದಿ ಬಂದಾಗ ಈ ಮನೆ ತುಂಬ್ತಿತ್ತು. ವಾರಕ್ಕೆ ಮುಂಚೇನೇ ಗೋಡೆಗೆ ಸುಣ್ಣ ಹೊಡೀತಿದ್ದೆ. ಈಗ ಯಾರಿಗೋಸ್ಕರ ಹೊಡೀಲಿ?"

ನಾನು ತಲೆ ಬಗ್ಗಿಸಿಕೊಂಡೆ. ಆಂಧ್ರದ ಗಡಿ ಕಡೆಯವರಾದ ಅವರು ನನ್ನ ಗಲ್ಲ ಮುಟ್ಟಿ, ತಮ್ಮ ತೆಲುಗು ಬೆರೆತ ಮಾತಿನಲ್ಲಿ, "ನೀನ್ಯಾಕಮ್ಮಾಯಿ ಬೇಜಾರು ಮಾಡ್ಕೊತೀಯ? ರೇಡಿಯೋ ಚೆನ್ನಾಗೇ ಐತೆ. ನನಗೂ ಇಷ್ಟವೇ," ಎಂದರು.

ಮನೆಗೆ ಬಂದವರೇ ಅತ್ತೆ ಎಲ್ಲರಿಗೂ ಹೇಳಿ ಕಳಿಸಿದರು: ಈ ಬುಧವಾರ ಟೈಲರಮ್ಮನ ಮನೆ.

"ಜನ ಬರ್ದಿದ್ರೆ ಏನ್ಮಾಡ್ತೀಯಮ್ಮ?" ಎಂದರು ನನ್ನ ಯಜಮಾನರು.

"ನಾವು ಜನ ಅಲ್ವೇನೋ?"

ಹೋದವರು ನಾವು ಮೂವರು ಮತ್ತು ಮೇಷ್ಟ್ರು, ಅಷ್ಟೇ. ಗೋಡೆಗೆ ಹೊಸ ಸುಣ್ಣದ ವಾಸನೆ. ವಾರ್ತೆಯ ಅವಸರವಿಲ್ಲದ ಮೇಷ್ಟ್ರು ಅಂದು ದೆಹಲಿಯನ್ನೂ ದಾಟಿ ಎಲ್ಲೆಲ್ಲೋ ಹೋಗಿ ಬಂದರು. ಪಕ್ಕದ ಮನೆಯ ಮುಸ್ಲಿಂ ಹೆಂಗಸು ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲೇ ನಿಂತು ಕೀರ್ತನೆ ಕೇಳಿದರು. ಆಮೇಲೆ ಒಳಗೆ ಬಂದು ಕೂತರು. ಅವರೇಕಾಯಿಯ ಕಾಲ. ಎದುರು ಮನೆಯ ಗೌಡರ ಹೆಂಡತಿ ಹೊಲದ ಕಾಯಿ ಕಳಿಸಿದ್ದರು. ಟೈಲರಮ್ಮ ಹಿತಕಿದ ಬೇಳೆ ಸಾರು ಮಾಡಿ, ಬಿಸಿಬಿಸಿ ಅಕ್ಕಿರೊಟ್ಟಿ ತಟ್ಟಿ ಹಾಕುತ್ತಲೇ ಇದ್ದರು. ನನ್ನ ಯಜಮಾನರು ಎಷ್ಟು ತಿಂದರೆಂದರೆ, ಅತ್ತೆ ಅವರನ್ನು ಕಣ್ಣಲ್ಲೇ ಗದರಿಸಬೇಕಾಯಿತು.

ಆ ಸಾರಿನ ಸುದ್ದಿಯನ್ನು ಮೇಷ್ಟ್ರೇ ಊರೆಲ್ಲ ಹಂಚಿದರು. ಮುಂದಿನ ಬುಧವಾರ ಸಂತೆಮಾಳದ ಹತ್ತಿರದ ಮನೆಗೆ ಇನ್ನೊಂದಷ್ಟು ಜನ ಬಂದರು. ಸರದಿ ಮತ್ತೆ ಸುತ್ತತೊಡಗಿತು.

ಆದರೆ ಮೊದಲಿನಂತೆ ಆಯಿತು ಎಂದರೆ ಸುಳ್ಳಾಗುತ್ತದೆ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಹಲವು ಮನೆಗಳಿಗೆ ಟ್ರಾನ್ಸಿಸ್ಟರ್ ಬಂತು. ಕೆಲವರಿಗೆ ಬೇರೆ ಊರಿನಲ್ಲಿ ಕೆಲಸ, ಸಂಜೆ ಬಸ್ ತಡ. ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಯಿತು. ಎರಡು ಮೂರು ಮನೆಯವರು ಭಾನುವಾರ ಚರ್ಚಿನಲ್ಲಿ ಸಿಕ್ಕರೆ ನಕ್ಕು ಮಾತಾಡಿಸುತ್ತಿದ್ದರು. ಅವರ ಅಡುಗೆಮನೆಯ ಕಡೆ ನಾವು ಹೋಗಿ ವರ್ಷಗಳೇ ಆಗಿದ್ದವು.

ಉಳಿದವರು ಮಾತ್ರ ಗಟ್ಟಿಯಾಗಿ ಉಳಿದೆವು. ಟೈಲರಮ್ಮನಿಗೆ ಚಿಕ್ಕಬಳ್ಳಾಪುರದಲ್ಲಿ ಕಣ್ಣಿನ ಆಪರೇಷನ್ ಆದಾಗ, ಪಕ್ಕದ ಮನೆಯ ಆ ಮುಸ್ಲಿಂ ಹೆಂಗಸೂ ನಾನೂ ಜೊತೆಯಲ್ಲಿದ್ದು ಬಸ್ಸಿನಲ್ಲಿ ಕರೆತಂದೆವು. ಮನೆಗೆ ಬಂದ ಮೇಲೆ ದಿನಕ್ಕೊಬ್ಬರ ಮನೆಯಿಂದ ಊಟ. ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಒಂದು ತುತ್ತು ಬಾಯಿಗಿಟ್ಟು, ಅದು ಯಾರ ಮನೆಯದೆಂದು ಹೇಳುತ್ತಿದ್ದರು. ಒಂದು ದಿನ ನಾನು ಒಯ್ದ ಸಾರನ್ನು ನಿಧಾನವಾಗಿ ಚಪ್ಪರಿಸಿದರು.

"ಇದು ನಿಮ್ಮತ್ತೆ ಮಾಡಿದ್ದಲ್ಲ, ನೀನೇ ಮಾಡಿದ್ದು."

"ಅದು ಹೆಂಗೆ ಗೊತ್ತಾಯ್ತು?"

"ಉಪ್ಪು ಹಾಕೋದು ಮರ್ತಿದೀಯಲ್ಲಮ್ಮಾಯಿ," ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು.