ಅವ್ವನ ಉಪಕಾರ ಸ್ಮರಣೆ

ಮೊನ್ನೆ ಹೊಸಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಎರಡು ಪಂಚೆ ಕೊಂಡು ಹೊರಟಿದ್ದೆವು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಂಗಡಿಯವನು ಎದ್ದು ನಿಂತು, ಎರಡೂ ಕೈ ಜೋಡಿಸಿ, "ತಾವು ಬಂದದ್ದಕ್ಕೆ ಧನ್ಯವಾದಗಳು" ಎಂದ. ಇಷ್ಟೇ ಆದದ್ದು. ನನ್ನ ಹೆಂಡತಿ ನೀಲಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು ನಗತೊಡಗಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಪಾಪ, ಅಂಗಡಿಯವನು ತನ್ನ ಅಂಗಿಯ ಗುಂಡಿ ನೋಡಿಕೊಂಡ, ಮೀಸೆ ಒರೆಸಿಕೊಂಡ, ಕೊನೆಗೆ ನೀರು ತರಿಸಿದ. ನೀರು ಕುಡಿದ ಮೇಲೆ ಅವಳು ಇನ್ನೊಂದು ಸುತ್ತು ನಕ್ಕಳು.

ಎಪ್ಪತ್ತರ ಹತ್ತಿರ ಬಂದ ಹೆಂಗಸು ಪೇಟೆಯ ನಡುವೆ ಹೀಗೆ ನಗುವುದಕ್ಕೆ ಕಾರಣ ನಮ್ಮ ಅವ್ವ. ಅದನ್ನು ಅಂಗಡಿಯವನಿಗೆ ಹೇಳುತ್ತ ಕೂರಲು ಆಗಲಿಲ್ಲ. ನಿಮಗೆ ಹೇಳಬಹುದು, ನೀವು ಹೇಗೂ ಕೂತಿದ್ದೀರಿ.

ನಮ್ಮ ಕಡೆ ಮನೆಯ ಜನ ಒಬ್ಬರಿಗೊಬ್ಬರು ಉಪಕಾರ ಹೇಳುವ ಪದ್ಧತಿ ಇಲ್ಲ. ಬಾವಿಗೆ ಬಿದ್ದವನನ್ನು ಎತ್ತಿದರೆ "ಉಪಕಾರ ಆತ್ರಿ" ಅನ್ನಬಹುದು. ಅದೂ ಎತ್ತಿದವನು ಪರ ಊರಿನವನಾದರೆ. ರೊಟ್ಟಿ ಬಡಿದು ಹಾಕಿದವಳಿಗೆ, ತಲೆಗೆ ನೀರೆರೆದವಳಿಗೆ ಯಾರಾದರೂ ಹಾಗೆ ಅಂದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ. ಇಂಥ ಊರಿನಲ್ಲಿ ಅವ್ವ ದಿನಕ್ಕೆ ಇಪ್ಪತ್ತು ಸಲ ಕೈ ಮುಗಿದು ಉಪಕಾರ ಹೇಳುತ್ತಿದ್ದಳು. ಹುಟ್ಟಿನಿಂದ ಬಂದ ಗುಣವಲ್ಲ ಅದು. ನನ್ನ ಮದುವೆಯಾದ ದಿನ ಶುರುವಾಯಿತು.

ಅದಕ್ಕೂ ಮೊದಲಿನ ಒಂದು ಸಂಗತಿ ಹೇಳಬೇಕು. ನಮ್ಮದು ಹದಿನಾಲ್ಕು ಜನ ಕೂತು ಉಣ್ಣುತ್ತಿದ್ದ ಮನೆ. ಬಸವಣ್ಣ ಕಾಲುವೆಯ ಕೆಳಗೆ ಬಾಳೆಯ ತೋಟ, ಹಟ್ಟಿಯಲ್ಲಿ ಎಮ್ಮೆಗಳು, ಗದ್ದಲವೇ ಗದ್ದಲ. ಊರೂರಿಗೆ ದೊಡ್ಡ ಜ್ವರ ಹಬ್ಬಿದ ವರ್ಷ ಒಂದೇ ತಿಂಗಳಲ್ಲಿ ಮನೆ ಖಾಲಿಯಾಯಿತು. ಉಳಿದವರು ಅವ್ವ ಮತ್ತು ನಾನು. ನನಗಾಗ ಹತ್ತು ವರ್ಷ. ಆಮೇಲಿನ ಹತ್ತು ವರ್ಷ ಅವ್ವ ತೋಟ ನೋಡಿಕೊಂಡಳು, ನನ್ನನ್ನು ಓದಿಸಿದಳು, ಅಳುವುದಕ್ಕೆ ಅವಳಿಗೆ ಪುರಸೊತ್ತು ಆಗಲಿಲ್ಲ. ಅಡಿಗೆಮನೆಯ ಗೋಡೆಗೆ ಒರಗಿಸಿಟ್ಟ ಹನ್ನೆರಡು ತಾಟುಗಳನ್ನು ಮಾತ್ರ ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಮತ್ತೆ ಅಲ್ಲೇ ಇಡುತ್ತಿದ್ದಳು.

ನನಗೆ ಹೆಣ್ಣು ಸಿಗುವುದು ಕಷ್ಟವಾಯಿತು. ಅದರಲ್ಲಿ ಅವ್ವನ ಪಾಲೂ ಇತ್ತು. ಕನ್ಯೆ ನೋಡಲು ಹೋದಲ್ಲಿ ಅವಳು ಸತ್ಯ ಹೇಳುತ್ತಿದ್ದಳು. ಮರಿಯಮ್ಮನಹಳ್ಳಿಯಲ್ಲಿ, "ಉಪ್ಪು ತಾ ಅಂತ ಕಳಿಸಿದ್ರ ಬೆಲ್ಲ ತರತಾನ" ಎಂದಳು. ಇನ್ನೊಂದು ಮನೆಯಲ್ಲಿ, ನಾನು ಹರಗೋಲು ಹತ್ತಲು ಹೆದರಿ ಹಂಪಿಯಿಂದ ಹಿಂದಿರುಗಿ ಬಂದ ಕಥೆಯನ್ನು ಅಭಿನಯಿಸಿ ತೋರಿಸಿದಳು. ಹೆಣ್ಣಿನ ಕಡೆಯವರು ನಗುನಗುತ್ತಲೇ ಬೀಳ್ಕೊಟ್ಟರು. ಕಡೆಗೆ ಕಂಪ್ಲಿಯ ಚೆನ್ನಬಸಪ್ಪನವರು, ಗದ್ದೆ ಕಬ್ಬು ಇದ್ದವರು, ತಮ್ಮ ಮಗಳು ನೀಲಮ್ಮನನ್ನು ಕೊಡಲು ಒಪ್ಪಿದರು. ಅವರಿಗೆ ಆ ದಿನ ಕಿವಿನೋವು ಇತ್ತೆಂದು ಆಮೇಲೆ ತಿಳಿಯಿತು.

ಮನೆ ತುಂಬಿಸಿಕೊಂಡ ದಿನ ನೀಲಮ್ಮ ಅಕ್ಕಿಯ ಸೇರು ಒದ್ದು ಒಳಗೆ ಬಂದಳೋ ಇಲ್ಲವೋ, ಅವ್ವ ಎದುರಿಗೆ ನಿಂತು ಕೈ ಮುಗಿದಳು. "ಬಂದಿಯವ್ವಾ, ಭಾಳ ಉಪಕಾರ ಆತು." ಹದಿನೈದು ವರ್ಷದ ಸೊಸೆ ಬೆಚ್ಚಿ ಹಿಂದೆ ಸರಿದಳು. ಮದುವೆಯ ಗಡಿಬಿಡಿಯಲ್ಲಿ ಹಾಗಾಯಿತು ಎಂದುಕೊಂಡೆವು. ಮರುದಿನ ಬೆಳಿಗ್ಗೆ ಅವಳು ಅಂಗಳಕ್ಕೆ ಸಗಣಿ ನೀರು ಚಳೆ ಹೊಡೆದು ಒಳಗೆ ಬಂದಾಗ ಅವ್ವ ಮತ್ತೆ ಹೊಸ್ತಿಲಲ್ಲಿ ಕೈ ಮುಗಿದು ನಿಂತಿದ್ದಳು. ನೀರು ತಂದರೆ ಉಪಕಾರ. ಉಂಡು ಎದ್ದರೆ ಉಪಕಾರ. ಒಮ್ಮೆ ನೀಲಮ್ಮ ಸೀನಿದಳು, ಅದಕ್ಕೂ ಆಯಿತು; ಮನೆಯಲ್ಲಿ ಇನ್ನೊಬ್ಬರು ಸೀನಿ ಎಷ್ಟು ವರ್ಷವಾಗಿತ್ತು ಎಂದು ಅವ್ವನ ಲೆಕ್ಕ.

ಅತ್ತೆಯ ಬೈಗುಳ ಹೇಗೆ ತಡೆದುಕೊಳ್ಳಬೇಕು ಎಂದು ತವರಿನಲ್ಲಿ ನೀಲಮ್ಮನಿಗೆ ಹೇಳಿಕೊಟ್ಟು ಕಳಿಸಿದ್ದರು. ಇದಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಹಿರಿಯರು ಕಿರಿಯರಿಗೆ ಕೈ ಮುಗಿದರೆ ಕಿರಿಯರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೇಳಿ ಬೆಳೆದವಳು ಅವಳು. ದಿನಕ್ಕೆ ಇಪ್ಪತ್ತು ನಮಸ್ಕಾರದ ಪ್ರಕಾರ ಎಷ್ಟು ಹೊತ್ತು ಬದುಕಬಹುದು ಎಂದು ಲೆಕ್ಕ ಹಾಕುತ್ತಿದ್ದಳಂತೆ.

ಬಾವಿಯ ಕಟ್ಟೆಯ ಹೆಂಗಸರು ಬೇರೆ ಲೆಕ್ಕ ಹಾಕಿದರು. ಯಾವ ಅತ್ತೆಯಾದರೂ ಸುಮ್ಮನೆ ಸೊಸೆಗೆ ಕೈ ಮುಗಿಯುತ್ತಾಳೆಯೇ? ಮಗನಲ್ಲಿ ಏನೋ ಐಬು ಇರಲೇಬೇಕು. ಮೂರ್ಛೆರೋಗ ಎಂದರು ಕೆಲವರು. ಇರುಳುಗಣ್ಣು ಎಂದರು ಕೆಲವರು. ಆರು ಬೆರಳು ಎಂದಳು ಒಬ್ಬಳು. ಆಗ ನಾನು ಊಟಕ್ಕೆ ಕೂತಾಗಲೆಲ್ಲ ನೀಲಮ್ಮ ತಲೆತಗ್ಗಿಸಿ ನನ್ನ ಕಾಲ ಕಡೆಗೇ ನೋಡುತ್ತಿದ್ದಳು. ಎಂಥ ನಾಚಿಕೆಯ ಹೆಣ್ಣು ಎಂದು ನಾನು ಒಳಗೊಳಗೇ ಹಿಗ್ಗಿದೆ. ಅವಳು ಬೆರಳು ಎಣಿಸುತ್ತಿದ್ದಳು.

ಬೆರಳು ಹತ್ತೇ ಇದ್ದದ್ದು ಅವಳ ಹೆದರಿಕೆಯನ್ನು ಹೆಚ್ಚಿಸಿತು. ಕಾಣದ ಐಬು ಕಾಣುವ ಐಬಿಗಿಂತ ಕೆಟ್ಟದ್ದಲ್ಲವೇ? ಎರಡನೆಯ ತಿಂಗಳು, ಯಾವುದೋ ಹಬ್ಬದ ನೆಪದಲ್ಲಿ ಕಂಪ್ಲಿಗೆ ಹೋದವಳು ತಿರುಗಿ ಬರುವ ಸೂಚನೆ ಕಾಣಲಿಲ್ಲ. ಅವಳ ಬದಲು ಗಾಡಿಯಲ್ಲಿ ಬಂದವರು ಮಾವ ಚೆನ್ನಬಸಪ್ಪನವರು, ಜೊತೆಗೆ ಕಂಪ್ಲಿಯ ಕಡೆ ಹೆಸರಾದ ಒಬ್ಬ ನಾಟಿ ವೈದ್ಯ ಪಂಡಿತರು. ಮಾವ ಮಾತು ಸುತ್ತಿ ಬಳಸಲಿಲ್ಲ. ಹುಡುಗನನ್ನು ಒಮ್ಮೆ ಪಂಡಿತರು ನೋಡಲಿ, ನೋಡಿದ ಮೇಲೆ ಮಗಳನ್ನು ಕಳಿಸುವುದೋ ಬಿಡುವುದೋ ತೀರ್ಮಾನ ಮಾಡುತ್ತೇನೆ ಎಂದರು.

ನನಗೆ ಸಿಟ್ಟು ಬಂತು. ಅವ್ವನಿಗೆ ಬರಲಿಲ್ಲ. ಅಷ್ಟು ದೂರದಿಂದ ನನ್ನ ಮಗನನ್ನು ನೋಡಲು ಬಂದಿರಿ ಎಂದು ಪಂಡಿತರಿಗೂ ಕೈ ಮುಗಿದಳು. ಪಂಡಿತರು ಮಾವನ ಕಡೆ ನೋಡಿ ಹುಬ್ಬು ಹಾರಿಸಿದರು.

ಅಂಗಳದಲ್ಲಿ ಪರೀಕ್ಷೆ ಶುರುವಾಯಿತು. ನಾಲಗೆ ಚಾಚಿಸಿದರು, ರೆಪ್ಪೆ ಎಳೆದು ನೋಡಿದರು, ಹಟ್ಟಿಯವರೆಗೆ ನಡೆದು ಬಾ ಎಂದರು. ಜನ ನೋಡುತ್ತಿರುವಾಗ ನಡೆಯುವುದು ಎಷ್ಟು ಕಷ್ಟ ಎಂಬುದು ಆ ದಿನ ಗೊತ್ತಾಯಿತು. ಯಾವ ಕಾಲಿನ ಜೊತೆ ಯಾವ ಕೈ ಹೋಗಬೇಕೆಂಬುದೇ ಮರೆತುಹೋಯಿತು. ಸೂಜಿಗೆ ದಾರ ಪೋಣಿಸು ಎಂದರು. ಸೂಜಿ ಕೈಜಾರಿ ಕೆಳಗೆ ಬಿತ್ತು, ಹುಡುಕಲು ಬಗ್ಗಿದವನು ಅದನ್ನೇ ತುಳಿದೆ. ಹಿಂದೆ ನಿಂತು ಪಿಸುಗುಟ್ಟಿ, ಏನು ಕೇಳಿಸಿತು ಹೇಳು ಎಂದರು. ಅದೇ ಹೊತ್ತಿಗೆ ಎಮ್ಮೆ ಕೂಗಿತು. "ಎಮ್ಮಿ ಅಂದ್ರಿ" ಎಂದೆ. ಮಾವ ತಲೆಯ ಮೇಲಿನ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಕೊನೆಯ ಪ್ರಶ್ನೆ ಬುದ್ಧಿಯದು. "ನಿನ್ನ ಹೇಣ್ತಿ ಹೆಸರೇನಪಾ?"

ಹಿರಿಯರ ಎದುರು, ಅದರಲ್ಲೂ ಮಾವನ ಎದುರು, ಹೆಂಡತಿಯ ಹೆಸರು ಹೇಳುವುದುಂಟೇ? ನಾನು ನೆಲ ನೋಡಿದೆ. ಅವರು ಮತ್ತೊಮ್ಮೆ ಕೇಳಿದರು. ನಾನು ಮತ್ತೊಮ್ಮೆ ನೆಲ ನೋಡಿದೆ. ನೆನಪಿಲ್ಲ ಎಂದು ಪಂಡಿತರು ಮೆಲ್ಲಗೆ ಮಾವನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕಿವಿ ಚೆನ್ನಾಗಿದೆ ಎಂದು ಹೇಳಿಕೊಳ್ಳಲು ಅದು ಸಮಯವಾಗಿರಲಿಲ್ಲ.

ಪಂಡಿತರು ನನ್ನ ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಆಮೇಲೆ ಕೈ ಬಿಟ್ಟು, "ಹುಡುಗಗ ಏನೂ ಆಗಿಲ್ರಿ. ಹುಟ್ಟಿದ್ದ ಹಿಂಗ" ಎಂದರು.

ಮಾವನಿಗೆ ಸಮಾಧಾನವಾಗಲಿಲ್ಲ. ಅವ್ವನ ಕಡೆ ತಿರುಗಿದರು. "ಯಕ್ಕಾ, ರೋಗಿಲ್ಲ, ಐಬಿಲ್ಲ. ಮತ್ತ ನನ್ನ ಮಗಳಿಗೆ ದಿನಾ ಯಾಕ ಕೈ ಮುಗಿತೀರಿ? ಆಕಿ ಹೆದರಿ ಸಾಯಾಕ ಹತ್ಯಾಳ."

ಅವ್ವ ಇಂಥ ಪ್ರಶ್ನೆ ಯಾಕೆ ಬಂತೆಂದು ತಿಳಿಯದವಳ ಹಾಗೆ ಅವರನ್ನು ನೋಡಿದಳು. "ಹೋದಾವ್ರು ಯಾರೂ ಕೇಳಿ ಹೋಗ್ಲಿಲ್ರಿ ಬೀಗ್ರೆ. ಹನ್ನೆರಡು ಮಂದಿ, ಒಬ್ರೂ ಹೋಗ್ತೀನಿ ಅನಲಿಲ್ಲ. ಬಂದಾಕಿಗೆ ಬಂದಿಯಲ್ಲವ್ವಾ ಅಂತಾದ್ರೂ ಅನಬ್ಯಾಡೇನು?"

ಮಾವ ರುಮಾಲು ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು. ಗೋಡೆಗೆ ಒರಗಿಸಿದ್ದ ತಾಟುಗಳಲ್ಲಿ ಎರಡನ್ನು ಅವ್ವ ತೊಳೆದು ಇಟ್ಟು ಊಟಕ್ಕೆ ಎಬ್ಬಿಸಿದಳು. ಇಬ್ಬರೂ ಉಂಡರು. ಉಂಡದ್ದಕ್ಕೂ ಉಪಕಾರ ಹೇಳಿಸಿಕೊಂಡು ಗಾಡಿ ಹತ್ತಿದರು. ನಾಲ್ಕನೆಯ ದಿನ ನೀಲಮ್ಮ ಬಂದಳು. ನಾನು ಪಂಡಿತರ ಪರೀಕ್ಷೆಯಲ್ಲಿ ಪಾಸಾದೆನೆಂದೇ ತಿಳಿದೆ.

ಮುಂದೆ ಹನ್ನೆರಡು ವರ್ಷದಲ್ಲಿ ಐದು ಮಕ್ಕಳು. ಮೊದಲನೆಯದು ಹೆಣ್ಣು, ಶಿವಮ್ಮ. ಓಣಿಯ ಹೆಂಗಸರು ಸಮಾಧಾನ ಹೇಳಲು ಬಂದರು. ಅವ್ವ ಕೂಸನ್ನು ಅವರ ಕೈಗೆ ಕೊಟ್ಟು, ಇಷ್ಟು ಜನ ಬಂದಿರಿ ಎಂದು ಕೈ ಮುಗಿದು, ಸಕ್ಕರೆ ಹಂಚಿ ಕಳಿಸಿದಳು. ಯಾವುದಕ್ಕೆ ಸಮಾಧಾನ ಹೇಳಲು ಬಂದಿದ್ದೆವು ಎಂಬುದು ಅವರಿಗೆ ಓಣಿಯ ತುದಿ ಮುಟ್ಟುವವರೆಗೂ ನೆನಪಾಗಲಿಲ್ಲವಂತೆ. ಪ್ರತಿ ಹೆರಿಗೆಯಲ್ಲೂ ಕೂಸು ಅಳುವ ಮೊದಲೇ ಅವ್ವನ ಉಪಕಾರ ಕೇಳಿಸುತ್ತಿತ್ತು. ಸೂಲಗಿತ್ತಿ ಮಾತ್ರ ಗೊಣಗುತ್ತಿದ್ದಳು: ಕೆಲಸ ಮಾಡಿದವಳು ನಾನು, ಮೊದಲ ನಮಸ್ಕಾರ ಕೂಸಿಗೆ.

ಮಕ್ಕಳು ಬೆಳೆದಂತೆ ಇದರ ಲಾಭ ಕಂಡುಕೊಂಡರು. ಹೊರಗಿನಿಂದ ಬಂದವರಿಗೆ ಅವ್ವ ಉಪಕಾರದ ಜೊತೆ ಒಂದು ಚೂರು ಬೆಲ್ಲ ಕೊಡುತ್ತಿದ್ದಳು. ಎರಡನೆಯವನು ಹಿತ್ತಲ ಬಾಗಿಲಿನಿಂದ ಹೋಗಿ ತಲೆಬಾಗಿಲಿನಿಂದ ಬರತೊಡಗಿದ. ಒಂದು ಮಧ್ಯಾಹ್ನ ಹನ್ನೊಂದು ಸಲ ಬಂದ. ಅವ್ವ ಹನ್ನೊಂದು ಸಲವೂ ಅಷ್ಟೇ ಸಂತೋಷದಿಂದ ಕೈ ಮುಗಿದಳು. ಕಣ್ಣು ಮಂಜಾಗಿ ಹಾಗೆ ಮಾಡುತ್ತಾಳೆಂದುಕೊಂಡು ನಾನು ಹೇಳಹೋದರೆ, ಅವನೇ ಎಂದು ತನಗೆ ಗೊತ್ತು, ಬಂದದ್ದು ಸುಳ್ಳೇ ಎಂದು ನನ್ನನ್ನೇ ಕೇಳಿದಳು. ವಾರದೊಳಗೆ ಓಣಿಯ ಮಕ್ಕಳೆಲ್ಲ ನಮ್ಮ ಹಿತ್ತಲಿನಿಂದ ಹೋಗಿ ತಲೆಬಾಗಿಲಿನಿಂದ ಬರುತ್ತಿದ್ದರು. ಮನೆ ಒಂದು ರಸ್ತೆಯಾಯಿತು. ಬೆಲ್ಲದ ಗಡಿಗೆ ತಳ ಕಂಡ ದಿನ ನೀಲಮ್ಮ ಕಾನೂನು ಮಾಡಿದಳು: ಉಪಕಾರ ಎಷ್ಟಾದರೂ ಆಗಲಿ, ಬೆಲ್ಲ ಒಂದೇ ಸಲ. ಸಂಚಾರ ಅರ್ಧಕ್ಕರ್ಧ ಇಳಿಯಿತು.

ಶಿವಮ್ಮನಿಗೆ ಸಂಡೂರಿನ ಕಡೆಯಿಂದ ಸಂಬಂಧ ಬಂದಾಗ ನನಗೆ ಹಳೆಯ ಹೆದರಿಕೆ ಮರಳಿತು. ವರನ ಕಡೆಯವರು ಗಟ್ಟಿ ಜನ, ಸಂಸ್ಥಾನದ ಊರಿನವರೆಂಬ ಬಿಗುಮಾನ ಬೇರೆ. ಅವರಿಗೂ ಸಂಶಯ ಬಂದು, ಅವರೂ ಪಂಡಿತರನ್ನು ಕಳಿಸಿದರೆ? ನಾನು ಅವ್ವನ ಮುಂದೆ ಕೂತು ಬೇಡಿಕೊಂಡೆ. ಮದುವೆ ಮುಗಿಯುವ ತನಕ ಯಾರಿಗೂ ಉಪಕಾರ ಹೇಳಕೂಡದು, ಕೈ ಮುಗಿಯಕೂಡದು. ಅವ್ವ ಬಹಳ ಹೊತ್ತು ಯೋಚಿಸಿ ಆಗಲಿ ಎಂದಳು.

ಮಾತಿಗೆ ತಪ್ಪಲಿಲ್ಲ. ಬೀಗರು ಗಾಡಿಗಳಿಂದ ಇಳಿಯುವಾಗ ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡು, ತುಟಿ ಕಚ್ಚಿಕೊಂಡು ನಿಂತಳು. ಬಿಸಿ ಮಿರ್ಚಿ ಬಜ್ಜಿ ಬಾಯಲ್ಲಿಟ್ಟುಕೊಂಡು ನುಂಗಲೂ ಆಗದೆ ಉಗುಳಲೂ ಆಗದೆ ನಿಂತವರ ಮುಖ ನೋಡಿದ್ದೀರಾ? ಹಾಗಿತ್ತು. ವರನ ತಾಯಿ ಎದುರಿಗೆ ಬಂದು ಕುಶಲ ಕೇಳಿದರೆ ಅವ್ವ ಗೋಡೆಯ ಕಡೆ ತಿರುಗಿಬಿಟ್ಟಳು.

ಅರ್ಧ ತಾಸಿನಲ್ಲಿ ಸುದ್ದಿ ಹಬ್ಬಿತು. ಹೆಣ್ಣಿನ ಅಜ್ಜಿಗೆ ಈ ಸಂಬಂಧ ಮನಸ್ಸಿಲ್ಲ. ಮುಖ ಕೊಟ್ಟು ಮಾತಾಡಲಿಲ್ಲ. ಸಂಡೂರಿನವರೆಂದರೆ ಅಷ್ಟು ಹಗುರವೇ? ಎಲೆ ಹಾಕಿ ಬಡಿಸಿದ್ದಾಗಿತ್ತು. ವರನ ತಾಯಿ ಅನ್ನ ಮುಟ್ಟಲಿಲ್ಲ. ಅವರು ಮುಟ್ಟಲಿಲ್ಲವೆಂದು ಅವರ ಸಾಲು ಮುಟ್ಟಲಿಲ್ಲ, ಆ ಸಾಲು ಮುಟ್ಟಲಿಲ್ಲವೆಂದು ಎದುರಿನ ಸಾಲು. ಇಡೀ ಚಪ್ಪರ ಹೋಳಿಗೆಯ ಮುಂದೆ ಕೈ ಕಟ್ಟಿಕೊಂಡು ಕೂತಿತು. ಗಾಡಿ ಹೂಡಿರಿ ಎಂದು ಯಾರೋ ಅಂದದ್ದು ಕೇಳಿಸಿತು. ಒಳಗೆ ಶಿವಮ್ಮ ಅಳುತ್ತಿದ್ದಳು. ನಾನು ತುಪ್ಪದ ಪಾತ್ರೆ ಹಿಡಿದು ಚಪ್ಪರದ ನಡುವೆ ನಿಂತಿದ್ದೆ. ಮುಂದೇನು ಮಾಡಬೇಕೆಂದು ತೋಚದೆ, ಯಾರೂ ಕೇಳದಿದ್ದರೂ ಮತ್ತೆ ಮತ್ತೆ ತುಪ್ಪ ಬಡಿಸುತ್ತಿದ್ದೆ.

ಆಗ ನೀಲಮ್ಮ ಅಡಿಗೆಮನೆಯಿಂದ ಬಂದಳು. ಸಾರಿನ ಸೌಟು ಕೈಯಲ್ಲೇ ಇತ್ತು. ನೇರವಾಗಿ ವರನ ತಾಯಿಯ ಎಲೆಯ ಮುಂದೆ ನಿಂತು, ಸೌಟಿನ ಸಮೇತ ಕೈ ಮುಗಿದಳು. "ಅಷ್ಟು ದೂರದಿಂದ ಬಂದ್ರಿ. ಭಾಳ ಉಪಕಾರ ಆತ್ರಿ. ನಮ್ಮತ್ತಿ ಅನಬೇಕಂತ ಬೆಳಗಿಂದ ಒದ್ದಾಡಾಕ ಹತ್ಯಾರ. ಇವ್ರು ಬಾಯಿ ಕಟ್ಟಿ ಕುಂದ್ರಿಸ್ಯಾರ."

ಚಪ್ಪರವೆಲ್ಲ ನನ್ನ ಕಡೆ ತಿರುಗಿತು. ಅವ್ವನೂ ನನ್ನ ಕಡೆ ನೋಡಿದಳು, ಅಪ್ಪಣೆಗಾಗಿ. ನಾನು ತಲೆಯಾಡಿಸಿದೆ.

ಕಾಲುವೆಯ ತೂಬು ತೆಗೆದ ಹಾಗಾಯಿತು. ಅವ್ವ ವರನ ತಾಯಿಯಿಂದ ಶುರುಮಾಡಿ ಎಲೆ ಎಲೆಯ ಮುಂದೆ ನಿಂತು, ಒಬ್ಬೊಬ್ಬರ ಮುಖ ನೋಡಿ ಕೈ ಮುಗಿಯುತ್ತ ಹೋದಳು. ನಾಲ್ಕು ಸಾಲು ಮುಗಿಸಿದಳು. ಓಲಗದವರಿಗೆ ಹೇಳಿದಳು. ಚಪ್ಪರದ ಹೊರಗೆ ಹೋಗಿ ಗಾಡಿ ಹೊಡೆಯುವವರಿಗೆ ಹೇಳಿದಳು, ಆಮೇಲೆ ಎತ್ತುಗಳಿಗೆ. ಅವ್ವ ತಮ್ಮ ಮುಂದೆ ಬಂದು ಹೋಗುವ ತನಕ ಯಾರಿಗೂ ಉಣ್ಣಲು ಮನಸ್ಸಾಗಲಿಲ್ಲ. ಅನ್ನ ಆರಿ ತಣ್ಣಗಾಯಿತು. ವರನ ತಾಯಿ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು, ಆಮೇಲೆ ನಾಲ್ಕು ಹೋಳಿಗೆ ತಿಂದರು. ತುಪ್ಪ ಅವರ ಎಲೆಯಲ್ಲಿ ಬೇಕಾದಷ್ಟಿತ್ತು.

ಅವ್ವ ಅದಾದ ಮೇಲೆ ಎರಡು ವರ್ಷ ಇದ್ದಳು. ಶಿವಮ್ಮನ ಕೂಸಿಗೂ ಕೈ ಮುಗಿದಳು. ಒಂದು ಮಧ್ಯಾಹ್ನ ಉಂಡು, ಕಂಬಕ್ಕೆ ಒರಗಿ ಕೂತವಳು, ಯಾರಿಗೂ ಹೇಳದೆ ಹೋಗಿಬಿಟ್ಟಳು. ಅವಳಿಗೇ ಒಪ್ಪದ ಕೆಲಸ ಅವಳು ಮಾಡಿದ್ದು ಅದೊಂದೇ.

ಇಷ್ಟು ಬರೆದು ನಿನ್ನೆ ನೀಲಮ್ಮನಿಗೆ ಓದಿ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕಿವಿ ಈ ಕಡೆಗಿತ್ತು. ಪಂಡಿತರು ನನ್ನಲ್ಲಿ ದೋಷವಿಲ್ಲವೆಂದದ್ದು ಕೇಳಿ ತಾನೇ ನೀನು ಕಂಪ್ಲಿಯಿಂದ ಮರಳಿ ಬಂದದ್ದು ಎಂದು ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ. ಗೊತ್ತಿದ್ದದ್ದನ್ನು ಯಾರು ಕೇಳುತ್ತಾರೆ?

"ಅಪ್ಪ ಬಂದು ಹೇಳೋಕಿಂತ ಮೊದ್ಲ ಗಂಟು ಕಟ್ಟಿದ್ದೆ" ಎಂದಳು.

ನಾನು ಕನ್ನಡಕ ತೆಗೆದೆ.

"ಕಂಪ್ಲಿಗೆ ಹೋಗಿ ಗಾಡಿ ಇಳಿದ್ನಲ್ಲ, ನಮ್ಮವ್ವ ಒಲಿ ಮುಂದ ಇದ್ಲು. ತಿರುಗಿ ನೋಡ್ಲಿಲ್ಲ. ಆ ಕೊಡ ಒಳಗಿಡು ಅಂದ್ಲು. ಪ್ರೀತಿ ಇರ್ಲಿಲ್ಲಂತಲ್ರಿ, ಭಾಳ ಇತ್ತು. ಆದ್ರ ನಾ ಬಂದೀನಿ ಅಂತ ಆ ಮನ್ಯಾಗ ಯಾರಿಗೂ ಅನಿಸ್ಲಿಲ್ಲ. ಎರಡು ದಿನ ನೋಡ್ದೆ. ಹೊಸ್ತಿಲ ದಾಟಿದಾಗೆಲ್ಲ ಎದುರಿಗೆ ಯಾರರೆ ನಿಂತಾರೇನಂತ ನೋಡಾಕ ಹತ್ತಿದ್ದೆ."

"ಹಂಗಾದ್ರ ನನ್ನ ಸಲುವಾಗಿ ಬರ್ಲಿಲ್ಲೇನು?"

ಅವಳು ಮೊರ ಕುಟ್ಟಿ ಹೊಟ್ಟು ಊದಿದಳು. "ನೀವು ಇದ್ರಿ" ಎಂದಳು.

ಐವತ್ತು ವರ್ಷಕ್ಕೂ ಮಿಕ್ಕಿ ನಾನು ಪಾಸಾದವನೆಂದು ಓಡಾಡಿಕೊಂಡಿದ್ದೆ. ಕನ್ನಡಕ ಹಾಕಿಕೊಳ್ಳದೆಯೇ ಅವಳ ಹತ್ತಿರ ಸರಿದು, ಮೊರದ ಇನ್ನೊಂದು ತುದಿಯಿಂದ ಅಕ್ಕಿ ಆರಿಸತೊಡಗಿದೆ. ಕಲ್ಲಿಗಿಂತ ಅಕ್ಕಿಯನ್ನೇ ಹೆಚ್ಚು ತೆಗೆದು ಎಸೆಯುತ್ತಿದ್ದೆನೆಂದು ಕಾಣುತ್ತದೆ. ನೀಲಮ್ಮ ಅದನ್ನೆಲ್ಲ ಒಂದೊಂದಾಗಿ ಹೆಕ್ಕಿ ಮೊರಕ್ಕೆ ಹಾಕಿಕೊಳ್ಳುತ್ತಿದ್ದಳು, ಏಳಿರಿ ಎಂದು ಮಾತ್ರ ಅನ್ನಲಿಲ್ಲ.