ಚಾಂದಬಿ ಸರಿಸಿದ ಬಟ್ಟಲು

ಹಬೆಯಲ್ಲಿ ಬೆಂದ ಕಡಲೆಹಿಟ್ಟಿಗೆ ತನ್ನದೇ ಒಂದು ವಾಸನೆ ಇರುತ್ತದೆ ನೋಡಿ. ಹಸಿಯೂ ಅಲ್ಲ, ಹುರಿದದ್ದೂ ಅಲ್ಲ. ಇವತ್ತು ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದಾಗ ಅದು ಮುಖಕ್ಕೆ ಬಂದು ಬಡಿಯಿತು, ಕನ್ನಡಕ ಮಸುಕಾಯಿತು. ಒರೆಸಿಕೊಂಡು ನೋಡಿದರೆ ಮೊಮ್ಮಗಳು ಆಫ್ರೀನ್ ಬಟ್ಟಲು ಹಿಡಿದು ನಿಂತಿದ್ದಾಳೆ. ಎಂಟು ವರ್ಷದ ಹುಡುಗಿಯ ಕೆನ್ನೆಯಲ್ಲಿ ಈಗ ಚಿವುಟುವಷ್ಟು ಮಾಂಸವಿದೆ! ಕುಣಿಯಬೇಕು ಅನಿಸಿತು. ಮೊಣಕಾಲು ಒಪ್ಪಲಿಲ್ಲ, ಅದಕ್ಕೆ ಬರೆಯಲು ಕೂತೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಿ.

ಹೋದ ವರ್ಷ ಈ ಹುಡುಗಿ ಹೀಗಿರಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ರಕ್ತ ತೆಗೆದು, ಗಂಟಲಲ್ಲಿ ಕೊಳವೆ ಇಳಿಸಿ ನೋಡಿದ ಮೇಲೆ ಡಾಕ್ಟರಮ್ಮ ನನ್ನ ಮಗಳು ಶಮಾಗೆ ಹೇಳಿದರು: "ಗೋಧಿ ಈ ಕೂಸಿಗೆ ವಿಷ ಇದ್ದಂಗ. ಜನ್ಮದಾಗ ಮುಟ್ಟಿಸಬ್ಯಾಡ್ರಿ. ಕರುಳು ಹುಣ್ಣಾಗೇತಿ, ಅದು ಮಾಯೋತನಕ ಅಕ್ಕಿ, ಜೋಳ, ಯಾವ ಧಾನ್ಯಾನೂ ಬ್ಯಾಡ. ಬ್ಯಾಳಿ, ಗಡ್ಡಿ, ತರಕಾರಿ ನಡಿತಾವ."

ವಿಷ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಬಳ್ಳಾರಿಯ ಆಸ್ಪತ್ರೆಯ ಕುರ್ಚಿಯಲ್ಲಿ ಕೂತಿದ್ದ ನಾನು ಮನಸ್ಸಿನಲ್ಲೇ ಕರೂರಿಗೆ ಹೋಗಿಬಿಟ್ಟೆ.

ಸಿರುಗುಪ್ಪದ ಹತ್ತಿರದ ಕರೂರು ನನ್ನ ತವರು. ಕಾಲುವೆ ನೀರಿನ ಊರು, ಕಣ್ಣು ಹಾಯಿಸಿದಲ್ಲೆಲ್ಲ ಭತ್ತ. ಅನ್ನ, ಜೋಳದ ರೊಟ್ಟಿ ನಮ್ಮ ದಿನದ ಊಟ. ಗೋಧಿ ಅಂದರೆ ದೊಡ್ಡಸ್ತಿಕೆ. ರಂಜಾನ್ ಹಬ್ಬದ ಪಾಯಸ ಸುರಕುಂಬಕ್ಕೆಂದು ಅವ್ವ ಗೋಧಿಹಿಟ್ಟು ನಾದಿ, ಮಣೆಯ ಮೇಲೆ ಹೊಸೆದು, ತಲೆಗೂದಲಿನಂಥ ಶಾವಿಗೆ ಎಳೆಯುತ್ತಿದ್ದಳು. ಅದನ್ನು ಹಾಲು, ಉತ್ತತ್ತಿಯ ಜೊತೆ ಕುದಿಸಿದರೆ ಇಡೀ ಓಣಿಗೇ ಹಬ್ಬ. ಉಳಿದ ಶಾವಿಗೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ನಮಗೆ ಯಾರಿಗೂ ಕೊಡದೆ, ನನ್ನ ತಂಗಿ ಚಾಂದಬಿಗೆ ಮಾತ್ರ ಬೇಯಿಸಿ ಕೊಡುವಳು. ಚಾಂದಬಿ ಸೊರಗುತ್ತಿದ್ದಳಲ್ಲ, ಅದಕ್ಕೆ. "ಗೋಧಿ ಹೊಟ್ಟಿಗಿ ಬಿದ್ರ ಮೈ ತುಂಬತೈತಿ" ಅನ್ನುವುದು ಅವ್ವನ ನಂಬಿಕೆ. ಸೊರಗಿದಷ್ಟೂ ಶಾವಿಗೆ ಕೊಟ್ಟಳು. ಕೊಟ್ಟಷ್ಟೂ ಅವಳು ಸೊರಗಿದಳು.

ಒಂದು ದಿನ ಚಾಂದಬಿ ಬಟ್ಟಲನ್ನು ನನ್ನ ಕಡೆ ಸರಿಸಿದಳು.

"ಅಕ್ಕಾ, ನೀನ ತಿನ್ನು. ನಾ ಒಲ್ಲೆ. ತಿಂದ್ರ ಹೊಟ್ಟ್ಯಾಗ ಯಾರೋ ತೊಯ್ದ ಅರಬಿ ಹಿಂಡಿದಂಗ ಆಗತೈತಿ."

ತಿಂದೆ. ಸುಳ್ಳು ಯಾಕೆ ಹೇಳಲಿ, ಬಟ್ಟಲನ್ನೂ ನೆಕ್ಕಿದೆ. ಹತ್ತು ಹದಿನೈದು ದಿನ ಹೀಗೇ ನಡೆಯಿತು. ಆ ದಿನಗಳಲ್ಲಿ ಅವಳು ನನ್ನ ಕೈ ಹಿಡಿಯದೆ ಕಾಲುವೆಯವರೆಗೆ ನಡೆದು ಬಂದಿದ್ದಳು. ಅದು ಈಗ ನೆನಪಾಗುತ್ತದೆ, ಆಗ ಲೆಕ್ಕಕ್ಕೇ ಬರಲಿಲ್ಲ. ಆಮೇಲೆ ಒಂದು ಬಳೆಯ ಸಲುವಾಗಿ ನಮ್ಮಿಬ್ಬರಿಗೂ ಜಗಳ ಬಿತ್ತು. ನಾನು ಓಡಿಹೋಗಿ ಚಾಡಿ ಹೇಳಿದೆ: "ಅವ್ವಾ, ಇಕಿ ಶಾವಿಗಿ ತಿನ್ನಂಗಿಲ್ಲ, ನನಗ ಕೊಡ್ತಾಳ."

ಅಂದಿನಿಂದ ಅವ್ವ ಅವಳ ಎದುರಿಗೇ ಕೂತು, ಗದ್ದ ಹಿಡಿದು, ಕೊನೆಯ ಎಳೆಯವರೆಗೂ ತಿನ್ನಿಸಿದಳು. ಎಲ್ಲಾ ಪ್ರೀತಿಯಿಂದಲೇ. ಚಾಂದಬಿ ಮುಂದಿನ ರಂಜಾನ್ ಕಾಣಲಿಲ್ಲ.

ಅವಳಿಗೂ ಇದೇ ರೋಗವಿತ್ತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಇದ್ರೂ ಇರಬಹುದು, ಅಜ್ಜಿ" ಅಂದರು. ಅವರು ಅದನ್ನು ಸಮಾಧಾನಕ್ಕೆ ಹೇಳಿದರು, ನನಗೆ ಅದು ಮುಳ್ಳಾಯಿತು.

ಇತ್ತ ಆಫ್ರೀನಳಿಗೆ ಬೇರೆಯೇ ದುಃಖ. ಶಾಲೆಯಲ್ಲಿ ಗೆಳತಿಯ ಡಬ್ಬಿಯಲ್ಲಿ ಪಾಸ್ತಾ ಇರುತ್ತದಂತೆ. "ನಾನಿ, ನನಗೂ ಪಾಸ್ತಾ ಬೇಕು. ಹಬ್ಬದಾಗ ಎಲ್ಲಾರೂ ಸುರಕುಂಬ ಕುಡಿತಾರ, ನಾ ಏನು ಗೆಣಸು ಕಡಕೊಂತ ಕೂಡ್ಲಾ?" ಪಾಸ್ತಾ ಅಂದರೇನೆಂದು ನೋಡಿದೆ. ನಮ್ಮ ಶಾವಿಗೆಯ ದಪ್ಪನೆಯ ಅಣ್ಣ, ಅಷ್ಟೇ. ಶಮಾ ಮೊಬೈಲಿನಲ್ಲಿ ಹುಡುಕಿ ಬೇಳೆಯ ಪಾಸ್ತಾದ ಪೊಟ್ಟಣವೊಂದನ್ನು ತರಿಸಿದಳು. ಹಿಂದಿನ ಸಣ್ಣ ಅಕ್ಷರ ಓದಿ, ಇದರಲ್ಲಿ ಅಕ್ಕಿಹಿಟ್ಟೂ ಇದೆಯೆಂದು ಎತ್ತಿಟ್ಟಳು.

"ನಾ ಮಾಡ್ತೀನಿ ತಗೀ" ಎಂದೆ. ಅವ್ವನ ಕೈ ನನಗೆ ಬಂದಿದೆ ಎಂಬ ಜಂಬ. ಗೋಧಿ ಎಳೆದಷ್ಟೂ ಬರುತ್ತದೆ. ಕಡಲೆಹಿಟ್ಟು ಎಳೆದರೆ ತುಂಡು ತುಂಡು. ಬೇಯಿಸಿದ ಆಲೂಗಡ್ಡೆ ಕಿವುಚಿ ಸೇರಿಸಿದೆ, ಸಾಬೂದಾಣಿ ಪುಡಿ ಹಾಕಿದೆ. ಎಳೆಯುವ ಹಟ ಬಿಟ್ಟು, ಹೊಸ ಚಕ್ಕುಲಿ ಒರಳು ತಂದು ಒತ್ತಿ, ಹಬೆಯಲ್ಲಿ ಬೇಯಿಸಿದೆ. ಎಳೆ ನಿಂತಿತು! ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಓಣಿಗೆಲ್ಲ ಹೇಳಿಕೊಂಡು ಬಂದೆ. ಸಂಜೆಯ ಹೊತ್ತಿಗೆ ಆಫ್ರೀನ್ ಹೊಟ್ಟೆ ಹಿಡಿದು ಮುದುಡಿ ಮಲಗಿದ್ದಳು.

"ಕಡ್ಲಿ ಎಲ್ಲಿ ಬೀಸಿಸಿದಿ, ಅವ್ವಾ?" ಶಮಾ ಕೇಳಿದಳು.

"ಗಿರಣ್ಯಾಗ."

"ಅದಕ್ಕಿಂತ ಮೊದ್ಲ ಅದರಾಗ ಏನ್ ಬೀಸಿದ್ರು?"

ಪಾಳಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಣ್ಣುಮಗಳ ಡಬ್ಬಿಯಲ್ಲಿ ಇದ್ದದ್ದು ಗೋಧಿ. ನಾನೇ ಅವಳಿಗೆ ಡಬ್ಬಿ ಎತ್ತಿ ಕೊಟ್ಟಿದ್ದೆ. ಎರಡನೆಯ ಸಲ ನನ್ನಿಂದಲೇ ಆಯಿತಲ್ಲ ಎಂದು ಮೂಲೆಯಲ್ಲಿ ಕೂತು ಅತ್ತೆ.

ಅಳುವಾಗಲೇ ನನ್ನ ಅತ್ತೆ ನೆನಪಾದಳು. ಕುರುಗೋಡಿನ ನನ್ನ ಗಂಡನ ಮನೆಯಲ್ಲಿ ಬೇಳೆ ಒಡೆಯಲೆಂದೇ ಒಂದು ಬೀಸುಕಲ್ಲು ಇತ್ತು. "ಬ್ಯಾಳಿ ಕಲ್ಲಿಗಿ ಬ್ಯಾರೆ ಕಾಳು ತೋರಿಸಿದಿ ಅಂದ್ರ ನೋಡು" ಎಂದು ಸಾಯುವತನಕ ಹೆದರಿಸಿದವಳು ಅವಳು. ಎಷ್ಟು ಶಾಪ ಹಾಕಿದ್ದೆನೋ ಆ ಮಡಿಗೆ! ಮರುದಿನವೇ ಹೋಗಿ, ಎರಡು ಕಲ್ಲನ್ನೂ ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಕಂಡಕ್ಟರ್ ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. "ಏನ್ ಅಜ್ಜೀ, ಕುರುಗೋಡು ಗುಡ್ಡಾನ ಕಿತ್ಕೊಂಡು ಹೊಂಟಿ ಏನು?"

"ಇಲ್ಲಪ್ಪಾ, ಪಾಸ್ತಾ ಮಾಡೋದೈತಿ."

ಆಗಿನಿಂದ ದಿನಾ ಒಂದು ಹಿಡಿ ಕಡಲೆಬೇಳೆ ಬೀಸುತ್ತೇನೆ. ರಟ್ಟೆ ನೋಯುತ್ತದೆ, ನೋಯಲಿ. ಈ ರಂಜಾನಿಗೆ ಆಫ್ರೀನ್ ತನ್ನ ಸುರಕುಂಬವನ್ನು ಎಲ್ಲರ ನಡುವೆ ಕೂತು ಕುಡಿದಳು.

ಇವತ್ತು ಬೆಳಿಗ್ಗೆ ಒಂದು ಬಟ್ಟಲು ತಿಂದು ಇನ್ನೊಂದು ಹಾಕಿಸಿಕೊಂಡಳು. ಅರ್ಧಕ್ಕೆ ನಿಲ್ಲಿಸಿ, ಬಟ್ಟಲನ್ನು ನನ್ನ ಕಡೆ ಸರಿಸಿದಳು.

"ನಾ ಒಲ್ಲೆ, ನಾನಿ. ನೀನ ತಿನ್ನು."

ನನ್ನ ಕೈ ತಾನಾಗಿ ಅವಳ ಗದ್ದದ ಕಡೆ ಹೋಯಿತು. ಇನ್ನೊಂದು ತುತ್ತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೈ ಹಿಂದಕ್ಕೆ ತೆಗೆದೆ.

"ಬ್ಯಾಡಂದ್ರ ಬಿಡು, ತಾಯಿ. ನಿನ್ನ ಹೊಟ್ಟಿ ನಿನಗ ಗೊತ್ತು."

ಅವಳು ಆಡಲು ಓಡಿದಳು. ಉಳಿದದ್ದನ್ನು ನಾನು ತಿಂದೆ, ಒಂದು ಎಳೆಯೂ ಬಿಡದೆ. ಅಷ್ಟರಲ್ಲಿ ಶಮಾ ಒಳಗಿನಿಂದ ಕೂಗಿ ಕೇಳಿದಳು: "ಅವ್ವಾ, ಪೂರಾ ತಿಂದ್ಲಾ?"

"ಹ್ಞೂಂ, ತಿಂದ್ಲು" ಎಂದೆ.